ಅವರು ಎಂದು ಅಚ್ಚಾದ ಹೆಸರು

ಚಿನ್ನೂ, ಗುಂಡಾ,

ಹೋದ ತಿಂಗಳು ನೀವಿಬ್ಬರೂ ಶಾಲೆಗೆಂದು ವಂಶವೃಕ್ಷ ಬರೆಯುತ್ತ ಕುಳಿತಿದ್ದಿರಿ. ಹಸಿರು ಸ್ಕೆಚ್ ಪೆನ್ನಿನಲ್ಲಿ ಎಲೆ ಬಿಡಿಸಿ, ಒಂದೊಂದು ಎಲೆಯೊಳಗೆ ಒಂದೊಂದು ಹೆಸರು ತುಂಬುತ್ತಿದ್ದಿರಿ. ಗುಂಡ ಬಂದು, "ಅಜ್ಜೀ, ತಾತನ ಹೆಸರು ಹೇಳು" ಎಂದ. ನಾನು ಗೋಡೆಯ ಮೇಲಿನ ಫೋಟೊ ತೋರಿಸಿದೆ.

"ಫೋಟೊ ಅಲ್ಲಜ್ಜಿ, ಹೆಸ್ರು."

"ನಿಮ್ಮಮ್ಮನ್ನ ಕೇಳೋಗು" ಎಂದೆ. ಅವನು ಅಡುಗೆಮನೆಗೆ ಓಡಿ, "ಅಮ್ಮಾ, ಅಜ್ಜಿಗೆ ತಾತನ ಹೆಸ್ರೇ ಮರ್ತೋಗಿದೆ!" ಎಂದು ಕೂಗಿದ. ಚಿನ್ನು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಮರೆತಿಲ್ಲ ಮಕ್ಕಳೇ. ಈ ಹಾಳೆಗಳಲ್ಲೂ ಆ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಕೈಗೆ ಯಾರೂ ಕಟ್ಟು ಹಾಕಿಲ್ಲ. ಆದರೆ ನೀವು ಇದನ್ನು ಓದುವಾಗ ನನ್ನ ದನಿಯಲ್ಲೇ ಓದಿಕೊಳ್ಳುತ್ತೀರಿ. ಅದಕ್ಕೇ ಬೇಡ.

ನಿಮ್ಮ ತಾತ ಅಟ್ಟೂರಿನಲ್ಲಿ ನೀರು ಬಿಡುವವರಾಗಿದ್ದರು. ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ರಸ್ತೆಯ ಗುಂಡಿಯೊಳಗೆ ಇಳಿಬಿಟ್ಟು ವಾಲ್ವ್ ತಿರುಗಿಸುತ್ತಿದ್ದರು. ಎರಡು ದಿನಕ್ಕೊಮ್ಮೆ ಒಂದೊಂದು ಬೀದಿಗೆ ನೀರು. ಸ್ವಲ್ಪ ತಡವಾದರೆ ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ಅವರ ಹೆಸರು ಕೂಗುತ್ತಿದ್ದರು. ಹೆಸರಿನ ಹಿಂದೊಂದು 'ಅಣ್ಣಾ' ಸೇರಿಸಿ ಕೆಲವರು, ಸಿಟ್ಟು ಬಂದಾಗ ಬರೀ ಹೆಸರು ಹಿಡಿದು ಕೆಲವರು. "ಬಂದೆ, ಬಂದೆ" ಎಂದು ಅವರು ಎಲ್ಲಿದ್ದರೂ ಅಲ್ಲಿಂದಲೇ ಉತ್ತರ ಕೊಡುತ್ತಿದ್ದರು. ಇಡೀ ಬಡಾವಣೆಯ ಬಾಯಲ್ಲಿದ್ದ ಹೆಸರು ನನ್ನ ಬಾಯಲ್ಲಿ ಮಾತ್ರ ಇರಲಿಲ್ಲ. ನನಗೆ ಅವರು "ಇಲ್ಲಿ ಕೇಳಿಸ್ತಾ" ಆಗಿದ್ದರು. ಬೇರೆಯವರ ಮುಂದೆ "ನಮ್ಮನೆಯವರು".

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಒಂದೇ ಒಂದು ಸಲ ಹೇಳುವುದಕ್ಕೆ ಶಾಸ್ತ್ರವೇ ಅವಕಾಶ ಕೊಡುತ್ತಿತ್ತು. ಮದುವೆಯಾಗಿ ಹೊಸದಾಗಿ ಮನೆ ತುಂಬುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರನ್ನು ಪದ ಕಟ್ಟಿ ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಅನ್ನುತ್ತಾರೆ. ನಾನು ಎಷ್ಟು ಹೊತ್ತು ತಲೆ ಬಗ್ಗಿಸಿ ನಿಂತೆನೆಂದರೆ, ಕೊನೆಗೆ ಕಾಲು ನೋವು ಬಂದ ನಾದಿನಿಯೇ ನನ್ನ ಪರವಾಗಿ ಹೇಳಿ ದಾರಿ ಬಿಟ್ಟಳು. ಹಾಗೆ ಆ ಒಂದು ಅವಕಾಶವೂ ಹೋಯಿತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದೆ. ಒಂದು ಬೆಳಿಗ್ಗೆ ಅವರು ವಾಲ್ವಿನ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕುಳಿತರು. ಬೀದಿಯವರು ಕೂಗಿದರು, ಅವರು ಉತ್ತರ ಕೊಡಲಿಲ್ಲ. ಕಡಿಮೆಯಾಗುವುದಕ್ಕೆ ಇನ್ನು ಆಯಸ್ಸೇ ಉಳಿದಿರಲಿಲ್ಲ. ಆದರೂ ನನ್ನ ಬಾಯಿ ತೆರೆಯಲಿಲ್ಲ.

ಅದಾದ ಮೇಲೆ ನಾನು ಕೆಲಸಕ್ಕೆ ಸೇರಿದ್ದು. ಆರ್.ಟಿ. ನಗರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲೆ, ಎರಡನೆಯ ಮಹಡಿಯಲ್ಲಿ ಒಂದು ಪುಟ್ಟ ಆಫೀಸು. ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು. ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ, ಪಟ್ಟಿ ಅಚ್ಚು ಹಾಕಿ ಕೊಡುವ ಕೆಲಸ. ಓದಿದ ಹುಡುಗಿಯರಿಗೆ ಕನ್ನಡದ ಅಂಕಿ ತಿಳಿಯುತ್ತಿರಲಿಲ್ಲ, ಹಳೆಯ ಮೇಷ್ಟರುಗಳ ಕೂಡಕ್ಷರವಂತೂ ಹಾವು ಹರಿದಂತೆ ಕಾಣುತ್ತಿತ್ತು. ನಾನು ಹಳ್ಳಿ ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಅದೇ ಕೈಬರಹ ನೋಡಿ ಬೆಳೆದವಳು. ಅದಕ್ಕೇ ನನ್ನನ್ನು ತೆಗೆದುಕೊಂಡರು. ಟೈಪಿಂಗ್ ಮೂರು ತಿಂಗಳಲ್ಲಿ ಕಲಿತೆ.

ಆ ಕೋಣೆಗೆ ಎರಡು ಕಿಟಕಿ ಇದ್ದವು. ಎರಡರ ಮುಂದೆಯೂ ಕೆಳಗಿನ ಅಂಗಡಿಯವರ ದೊಡ್ಡ ಬೋರ್ಡು. ಬೋರ್ಡಿನ ಹಿಂಬದಿ ಕೆಂಪು, ಹಗಲೆಲ್ಲ ನಮ್ಮ ಮುಖದ ಮೇಲೆ ಕೆಂಪು ಬೆಳಕು. ಬಸ್ಸಿನ ಹಾರನ್ನು, ಆಟೊದವರ ಜಗಳ, ಮಸೀದಿಯ ಕೂಗು ಎಲ್ಲವೂ ಕೇಳಿಸುತ್ತಿತ್ತು, ಒಂದೂ ಕಾಣಿಸುತ್ತಿರಲಿಲ್ಲ. ಮಾತು ಕಡಿಮೆಯಿದ್ದ ನನಗೆ ಮೊದಮೊದಲು ಅದೇ ಹಿತವಾಗಿತ್ತು.

ಅಲ್ಲಿ ಪ್ರೋಗ್ರಾಮ್ ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ಹುಡುಗಿ. ಎರಡು ಬೀದಿ ಆಚೆ ಅವಳ ಮನೆ. ಮನೆಯಲ್ಲಿ ಉರ್ದು, ನನ್ನ ಹತ್ತಿರ ಕನ್ನಡ, ಕಂಪ್ಯೂಟರಿನ ಹತ್ತಿರ ಬೈಗುಳ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ, ಅವಳ ತಂದೆಗೆ ಸೊಂಟ ಬಿದ್ದುಹೋಗಿತ್ತು. ಒಂದೊಂದು ಶಾಲೆಯ ಪುಸ್ತಕದಲ್ಲಿ ಒಂದೊಂದು ರೀತಿ ಕಾಲಮ್ಮು. ಪ್ರತಿ ಸಲವೂ ಬಂದು ಸರಿಮಾಡಿ ಅವಳಿಗೆ ಸಾಕಾಗಿತ್ತು. "ಆಂಟಿ, ಇಲ್ಲಿ ನೋಡಿ, ಈ ಎರಡ್ ಲೈನ್ ನೀವೇ ಬದಲಾಯ್ಸಿ. ಏನೂ ಆಗಲ್ಲ, ಕಂಪ್ಯೂಟರ್ ಕಚ್ಚಲ್ಲ" ಎಂದು ಕಲಿಸತೊಡಗಿದಳು. ಎಲ್ಲಿ ಚುಕ್ಕೆ, ಎಲ್ಲಿ ಕಂಸ, ಎಲ್ಲಿ ಸಾಲನ್ನು ಒಳಗೆ ತಳ್ಳಬೇಕು ಎಂದು ನಾನು ಬೈಂಡಿನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳು ಒಂದು ಆಟ ತೋರಿಸಿದಳು. ಪ್ರೋಗ್ರಾಮ್ ಬರೆಯುವ ಆ ಭಾಷೆಯಲ್ಲಿ ಕೆಲವು ಪದಗಳು ಹುಟ್ಟುವಾಗಲೇ ಬಂದಿರುತ್ತವೆ, ನಾವು ಕಲಿಸಬೇಕಾಗಿಲ್ಲ. ಪ್ರಿಂಟ್ ಅಂಥದೊಂದು. ಕಾಗದಕ್ಕೇ ಆಗಬೇಕೆಂದಿಲ್ಲ, ಪರದೆಗೋ ಫೈಲಿಗೋ 'ಇದನ್ನು ತೋರಿಸು' ಎಂದರೆ ತೋರಿಸುತ್ತದೆ. ಆದರೆ ಅದೇ ಪ್ರಿಂಟ್ ಎಂಬ ಹೆಸರಿನಲ್ಲಿ ನಾವು ಬೇರೆ ಕೆಲಸ ಬರೆದಿಟ್ಟರೆ, ಕಂಪ್ಯೂಟರು ಹುಟ್ಟಿನಿಂದ ಬಂದದ್ದನ್ನು ಬಿಟ್ಟು ನಮ್ಮದನ್ನೇ ನಂಬುತ್ತದೆ. ಅವಳು ಏನೋ ಬರೆದು, "ಈಗ ಏನ್ ಬೇಕಾದ್ರೂ ಪ್ರಿಂಟ್ ಮಾಡಿ" ಎಂದಳು. ನಾನು ನಮ್ಮೂರಿನ ಹೆಸರು ಕೊಟ್ಟೆ. ಪರದೆಯ ಮೇಲೆ "ಆಂಟಿ, ಊಟ ಆಯ್ತಾ?" ಎಂದು ಬಂತು. ಹತ್ತಕ್ಕೆ ಹತ್ತು ಕೂಡಿಸಿ ಕೊಟ್ಟೆ. "ಆಂಟಿ, ಊಟ ಆಯ್ತಾ?"

"ಅಯ್ಯೋ, ಇದೇನಮ್ಮ ನಮ್ಮತ್ತೆ ತರಾ ಆಡ್ತದೆ. ಏನ್ ಕೇಳುದ್ರೂ ಒಂದೇ ಮಾತು" ಎಂದೆ. ಅವಳು ನಗುತ್ತ ನೀರು ನೆತ್ತಿಗೇರಿಸಿಕೊಂಡಳು.

"ಅಂಗಾದ್ರೆ ಮೊದಲಿನ್ದು ಸತ್ತೋಯ್ತಾ?"

"ಇಲ್ಲ ಆಂಟಿ, ಹಿಂದೆ ನಿಂತಿರುತ್ತೆ. ನಮ್ದನ್ನ ಅಳಿಸಿದ್ರೆ ಅದೇ ಮುಂದೆ ಬರುತ್ತೆ. ಆದ್ರೆ ಇದೆಲ್ಲ ಆಟಕ್ಕೆ. ಕೆಲಸದ ಫೈಲಲ್ಲಿ ಮಾಡ್ಬಾರ್ದು."

ಆ ಕೊನೆಯ ಮಾತನ್ನೂ ನಾನು ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡೂ ಮಾಡಿದೆ. ಅದು ಯಾಕೆಂದು ಹೇಳುತ್ತೇನೆ.

ಟೈಪು ಮಾಡಿದ್ದನ್ನು ತಾಳೆ ನೋಡಲು ಇಬ್ಬರು ಕೂರಬೇಕಿತ್ತು. ಪರದೆಯ ಮೇಲೆ ಒಂದೊಂದೇ ಸಾಲು ಬರುತ್ತದೆ, ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪುಸ್ತಕದಲ್ಲಿ ಗುರುತು ಹಾಕುವುದು. ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ. ಓದುವ ಸರದಿ ನನ್ನದು, ಗುರುತು ಹಾಕುವುದು ಸಂಜಯನಗರದಿಂದ ಬರುತ್ತಿದ್ದ ಒಬ್ಬ ಹೆಂಗಸಿನದು. ಒಂದು ಶಾಲೆಯ ಪುಸ್ತಕ ಬಂತು. ಆ ಸೀಮೆಯಲ್ಲಿ ಬೆಟ್ಟದ ಮೇಲಿನ ಒಂದು ದೇವರಿಗೆ ಹರಕೆ ಹೊರದ ಮನೆಯೇ ಇಲ್ಲ. ನಿಮ್ಮ ತಾತನಿಗೆ ಇಟ್ಟದ್ದೂ ಆ ದೇವರ ಹೆಸರೇ. ತಂದೆಯ ಕಾಲಮ್ಮಿನಲ್ಲಿ ಪುಟಕ್ಕೊಂದು ಸಲವಾದರೂ ಅದು ಎದುರಾಗುತ್ತಿತ್ತು. ಟೈಪು ಮಾಡಲು ಕಷ್ಟವಾಗಲಿಲ್ಲ, ಬೆರಳಿಗೆ ಬಾಯಿಲ್ಲ. ಓದುವಾಗ ಮಾತ್ರ ಆ ಹೆಸರಿನ ಹತ್ತಿರ ಬಂದು ನಿಂತೆ. ನಾನು ಕೆಮ್ಮಿದೆ.

ನಾಲ್ಕೈದು ಸಲವಾದ ಮೇಲೆ ಸಂಜಯನಗರದವರಿಗೆ ಅರ್ಥವಾಯಿತು. "ಓಹೋ, ಕೆಮ್ಮು ಅಂದ್ರೆ ನಿಮ್ಮ ಯಜಮಾನ್ರು ಅಂತಾಯ್ತು. ಆಗ್ಲಿ, ಕೆಮ್ಮಿ" ಎಂದು ಗುರುತು ಹಾಕಿಕೊಂಡು ಹೋದರು. ಅವರ ಮನಸ್ಸು ದೊಡ್ಡದು. ಆದರೆ ಒಂದು ದಿನ ಮಾಲೀಕರು ನಮ್ಮ ಹಿಂದೆಯೇ ಬಂದು ನಿಂತಿದ್ದರು.

"ಏನಮ್ಮಾ ಇದು, ನಿಮ್ಮ ಕೆಮ್ಮು ಸರಿಯಾಗಿ ಪುಟಕ್ಕೊಂದು ಸಲ ಬರುತ್ತೆ? ಎಕ್ಸ್-ರೇ ತೆಗೆಸ್ಕೊಳ್ಳಿ. ಎ.ಸಿ. ರೂಮು, ಎಲ್ಲರಿಗೂ ಅಂಟಿಸ್ಬೇಡಿ" ಎಂದರು.

ಎಲ್ಲರೂ ನಕ್ಕರು. ನಿಜ ಹೇಳಿದರೆ ಇನ್ನೂ ನಗುತ್ತಾರೆ, ಸುಳ್ಳು ಹೇಳಿದರೆ ಎಕ್ಸ್-ರೇ. ಬೋರ್ಡು ಮುಚ್ಚಿದ ಆ ಕೋಣೆಯಲ್ಲಿ ಓಡಿಹೋಗಿ ನಿಲ್ಲಲು ಒಂದು ಕಿಟಕಿಯೂ ಇರಲಿಲ್ಲ.

ಮರುದಿನ ಬೇಗ ಬಂದು ನಾನು ಆ ಆಟ ಮಾಡಿದೆ. ಪ್ರಿಂಟ್ ಎಂಬ ಹೆಸರಿನಲ್ಲಿ ನನ್ನದೊಂದು ಬರೆದೆ. ಆ ಒಂದು ಹೆಸರು ಬಂದರೆ 'ಅವರು' ಎಂದು ತೋರಿಸು, ಮಿಕ್ಕದ್ದನ್ನು ಇದ್ದಂತೆ ತೋರಿಸು. ಮೊದಲ ಸಲ ಅದು ಕೆಟ್ಟಿತು. ನನ್ನ ಪ್ರಿಂಟ್ ಒಳಗೆ ತೋರಿಸುವುದಕ್ಕೂ ಪ್ರಿಂಟ್ ಎಂದೇ ಬರೆದಿದ್ದೆ. ಅದು ತನ್ನನ್ನೇ ಕರೆಯಿತು, ಕರೆಸಿಕೊಂಡದ್ದು ಮತ್ತೆ ತನ್ನನ್ನೇ ಕರೆಯಿತು. ಪರದೆ ತುಂಬ ತಪ್ಪಿನ ಸಾಲುಗಳು ಉಕ್ಕಿಬಂದವು. ಆಮೇಲೆ ಹುಡುಗಿ ಹೇಳಿದ್ದ ಉಪಾಯ ಪುಸ್ತಕದಲ್ಲಿ ಸಿಕ್ಕಿತು: ಮೂಲದ್ದನ್ನು ಮೊದಲು ಬೇರೆ ಹೆಸರಿನಲ್ಲಿ ಪಕ್ಕಕ್ಕಿಟ್ಟುಕೊಳ್ಳಬೇಕು. ಅದಕ್ಕೆ 'ಹಳೇದು' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟೆ. ಕೆಲಸ ಮಾಡಿತು. ಆ ದಿನವೆಲ್ಲ ಹೆಸರು ಬಂದಲ್ಲಿ ನಾನು 'ಅವರು' ಎಂದು ಸರಾಗವಾಗಿ ಓದಿದೆ. ಸಂಜಯನಗರದವರು ನನ್ನ ಮುಖ ನೋಡಿ ಹುಬ್ಬು ಹಾರಿಸಿ ಗುರುತು ಹಾಕಿದರು. ಮಾಲೀಕರು, "ಕೆಮ್ಮು ವಾಸಿಯಾಯ್ತಲ್ಲ" ಎಂದರು.

ನನಗೆ ತಿಳಿಯದೆ ಹೋದದ್ದು ಒಂದೇ. ನಾನು ಬರೆದಿಟ್ಟ ಫೈಲು ನನ್ನ ಕಂಪ್ಯೂಟರಿನದು ಮಾತ್ರ ಅಂದುಕೊಂಡಿದ್ದೆ. ಅದು ನಾಲ್ಕಕ್ಕೂ ಸೇರಿದ ಒಂದೇ ಫೈಲು. ಕೊನೆಯ ಪಟ್ಟಿಯನ್ನು ಸಿದ್ಧ ಮಾಡುವ ಪ್ರೋಗ್ರಾಮೂ ಅದನ್ನೇ ಓದುತ್ತಿತ್ತು.

ಸೋಮವಾರ ಶಾಲೆಯ ಗುಮಾಸ್ತರು ರಟ್ಟು ಹಾಕಿಸಿದ ಪಟ್ಟಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತಲೇ ಮಾಲೀಕರ ಮೇಜಿನ ಮೇಲೆ ಅದನ್ನು ಬಿಚ್ಚಿದರು.

"ಸ್ವಾಮಿ, ಇದೇನ್ ತಮಾಷೆ? ಈ ಮಗು ಅಪ್ಪನ ಹೆಸ್ರು ಅವರು. ಈ ಮಗು ಅಪ್ಪನೂ ಅವರು. ಯಾರ್ರೀ ಅವರು? ಊರಿಗೆಲ್ಲ ಒಬ್ನೇ ಅಪ್ಪನಾ?"

ನಾನು ಕೀಲಿಮಣೆಯಿಂದ ಕೈ ತೆಗೆದೆ. ಗುಮಾಸ್ತರು ಹೋದ ಮೇಲೆ ಮಾಲೀಕರು ಹುಡುಗಿಯನ್ನು ಕರೆದರು. ಪ್ರೋಗ್ರಾಮ್ ಮುಟ್ಟುವವಳು ಅವಳೊಬ್ಬಳೇ ಎಂದು ಅವರ ಲೆಕ್ಕ. ನನಗೆ ಎರಡು ಸಾಲು ಕಲಿಸಿದ್ದು ಅವರಿಗೆ ಗೊತ್ತಿರಲಿಲ್ಲ, ಅವಳೂ ಹೇಳಲಿಲ್ಲ.

ಅವಳು ಹುಡುಕಿದಳು. ನಾವು ಟೈಪು ಮಾಡಿದ್ದರಲ್ಲಿ ಹೆಸರು ಸರಿಯಾಗಿಯೇ ಇತ್ತು. ಪಟ್ಟಿಯ ಪ್ರೋಗ್ರಾಮೂ ಸರಿಯಿತ್ತು. ಹೊರಗೆ ಬರುವಾಗ ಮಾತ್ರ 'ಅವರು'. ಸೋಮವಾರ ಕಳೆಯಿತು, ಮಂಗಳವಾರ ಕಳೆಯಿತು. ಅವಳ ಕಣ್ಣು ಆ ಪ್ರಿಂಟ್ ಎಂಬ ಪದದ ಮೇಲೆ ನೂರು ಸಲ ಹಾಯ್ದಿರಬೇಕು. ಹುಟ್ಟಿನಿಂದ ಬಂದದ್ದರ ಮೇಲೆ ಯಾರಿಗೆ ಅನುಮಾನ ಬರುತ್ತದೆ? ನಾನು ಅವಳ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಅವಳಿಗೆ ಊಟ ಸೇರುತ್ತಿರಲಿಲ್ಲ. ನನ್ನ ಡಬ್ಬಿಯ ಚಿತ್ರಾನ್ನವನ್ನು ಮುಚ್ಚಳಕ್ಕೆ ಹಾಕಿ ಅವಳ ಮುಂದಿಟ್ಟೆ. ಅದನ್ನು ಇಡಲು ಬಂತು, ಮೂರು ಮಾತು ಆಡಲು ಬರಲಿಲ್ಲ. ಹೇಳಿದರೆ ಏಕೆ ಮಾಡಿದೆ ಎನ್ನುತ್ತಾರೆ. ಏಕೆಂದು ಹೇಳಿದರೆ ಆ ಕೋಣೆಯಲ್ಲಿ ನನ್ನ ಗಂಡ ನಗೆಯ ಮಾತಾಗುತ್ತಾರೆ. ಬಿಟ್ಟು ಹೋಗೋಣವೆಂದರೆ, ನಿಮ್ಮಮ್ಮನ ಓದು ಇನ್ನೂ ಒಂದು ವರ್ಷ ಬಾಕಿಯಿತ್ತು. ಸಂಜೆ ಬಸ್ಸಿನಲ್ಲಿ ಹೆಬ್ಬಾಳದ ಹತ್ತಿರ ಗಾಡಿಗಳ ನಡುವೆ ಸಿಕ್ಕಿಕೊಂಡಾಗ, ಇದು ಮುಂದಕ್ಕೆ ಹೋಗದಿದ್ದರೇ ಒಳ್ಳೆಯದು, ನಾಳೆ ಬಾರದಿದ್ದರೇ ಒಳ್ಳೆಯದು ಎಂದುಕೊಂಡೆ.

ಬುಧವಾರ ಸಂಜೆ ಮಾಲೀಕರು ಎಲ್ಲರ ಮುಂದೆಯೇ ಅವಳಿಗೆ ಹೇಳಿದರು: "ನೋಡಮ್ಮಾ, ನಾಳೆ ಸಂಜೆ ಶಾಲೆಯವರು ಬರ್ತಾರೆ. ಮಧ್ಯಾಹ್ನದೊಳಗೆ ಸರಿಹೋಗ್ಲಿಲ್ಲ ಅಂದ್ರೆ, ನಾಡಿದ್ದಿನಿಂದ ನೀನು ಬರೋದು ಬೇಡ. ನಾನು ಬೇರೆಯವ್ರನ್ನ ನೋಡ್ಕೋತೀನಿ."

ಅವಳು ತಲೆ ಬಗ್ಗಿಸಿಕೊಂಡು ಚೀಲ ಎತ್ತಿಕೊಂಡಳು. ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದ ನಾನೇ ನೆನಪಾದೆ. ಆಗ ನನ್ನ ಪರವಾಗಿ ನಾದಿನಿ ಮಾತಾಡಿದ್ದಳು. ಇಲ್ಲಿ ಮಾತಾಡಬೇಕಾದವಳು ನಾನೇ.

ಗುರುವಾರ ಬೆಳಿಗ್ಗೆ ಅವಳು ಬಂದು ಕೂರುವ ಮುಂಚೆಯೇ ಹೇಳಿದೆ. ನಿಂತುಕೊಂಡೇ ಹೇಳಿದೆ.

"ನೀನ್ ಉಡುಕ್ತಿರೋದು ಅಲ್ಲಿಲ್ಲ ಕಣಮ್ಮ. ಎಲ್ಲಾರ್ಗೂ ಸೇರಿದ ಫೈಲಿನ ಕೊನೇಲದೆ. ಪ್ರಿಂಟ್ ಅನ್ನೋದನ್ನ ನಾನು ಬದಲಾಯಿಸ್ಬುಟ್ಟಿದ್ದೆ."

ಅವಳಿಗೆ ಒಂದು ಗಳಿಗೆ ತಿಳಿಯಲಿಲ್ಲ. ಫೈಲು ತೆಗೆದಳು, ಕೆಳಗಿನವರೆಗೆ ಇಳಿದಳು, ನೋಡಿದಳು.

"ಮೂರ್ ದಿನ ಆಂಟಿ" ಎಂದಳು. "ಮೂರ್ ದಿನ ಪಕ್ಕದಲ್ ಕೂತ್ಕೊಂಡು ನನಗೆ ಚಿತ್ರಾನ್ನ ತಿನ್ನಿಸಿದ್ರಿ! ಬಾಯ್ ಬಿಟ್ಟು ಒಂದ್ ಮಾತ್ ಹೇಳೋಕ್ ಆಗ್ಲಿಲ್ವಾ?"

"ಆಗ್ಲಿಲ್ಲ."

"ಯಾಕ್ ಮಾಡಿದ್ರಿ ಹಿಂಗೆ?"

"ಅದು ನಮ್ಮನೆಯವ್ರ ಹೆಸ್ರು. ಓದಕ್ಕೆ ಬರಲ್ಲ ನಂಗೆ."

ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಪರದೆಯಿಂದ ಕಣ್ಣು ತೆಗೆಯದೆಯೇ, "ನಮ್ಮಮ್ಮೀನೂ ಅಬ್ಬಾನ್ನ 'ಅಜೀ ಸುನೋ', ಇಲ್ಲಿ ಕೇಳಿ ಅಂತಾನೇ ಕರೆಯೋದು" ಎಂದಳು. ಆಮೇಲೆ ಕುರ್ಚಿ ಬಿಟ್ಟು ಎದ್ದಳು. "ಅಳಿಸಿ. ನೀವೇ ಅಳಿಸಿ."

ಅಳಿಸಿದೆ. ಪಟ್ಟಿ ಮತ್ತೆ ತೆಗೆದಾಗ ಎಲ್ಲ ಹೆಸರುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಎಲ್ಲಿಗೂ ಹೋಗಿರಲಿಲ್ಲ, ನನ್ನ ಸಾಲುಗಳ ಹಿಂದೆ ನಿಂತಿದ್ದವು, ಅಷ್ಟೆ. ಮಾಲೀಕರು ಬಂದಾಗ ನಾನೇ ಅವರ ಮೇಜಿನ ಹತ್ತಿರ ಹೋಗಿ, "ತಪ್ಪು ಆ ಮಗೂದಲ್ಲ ಸಾರ್, ನಂದು" ಎಂದೆ. ಏಕೆ ಎಂದು ಕೇಳಿದರು. ಅದನ್ನೂ ಹೇಳಿದೆ. ನಾನು ಹೆದರಿದ್ದಂತೆ ಯಾರೂ ನಗಲಿಲ್ಲ. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡು, "ಇನ್ಮೇಲೆ ನೀವು ಆ ಫೈಲ್ ಕಡೆ ತಲೇನೂ ಹಾಕ್ಬೇಡಿ" ಎಂದರು. ಇನ್ನೂ ಒಂದು ಮಾತು ಸೇರಿಸಿದರು: "ಸಂಜೆಯೊಳಗೆ ಪೂರ್ತಿ ಪಟ್ಟಿ ಇನ್ನೊಂದ್ಸಲ ತಾಳೆ ಆಗ್ಬೇಕು. ಓದಿ."

ಸಂಜಯನಗರದವರು ಅಂದು ರಜೆ, ಅಕ್ಕನ ಮಗಳ ಮದುವೆ. ಪುಸ್ತಕ ಹಿಡಿದು ಎದುರಿಗೆ ಕುಳಿತದ್ದು ಆ ಹುಡುಗಿಯೇ. ಎರಡನೆಯ ಪುಟದಲ್ಲೇ ಆ ಹೆಸರು ಬಂತು. ಗಂಟಲಿಗೆ ಕೆಮ್ಮು ಬಂತು. ಅವಳು ಪೆನ್ಸಿಲ್ ಎತ್ತಿ ಹಿಡಿದು ಕಾದಳು. ಕೆಮ್ಮಿಗೆ ಗುರುತು ಹಾಕಲಿಲ್ಲ.

ನಾನು ಹೇಳಿದೆ.

ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿಸಿತು. ಬೀದಿಯಲ್ಲಿ ಬಿಂದಿಗೆ ಹಿಡಿದು ನಿಂತ ಹೆಂಗಸಿನ ದನಿ. ಹೇಳಿ ಮುಗಿಸಿದ ಮೇಲೆ ನಾನು ಸುಮ್ಮನೆ ಕುಳಿತುಬಿಟ್ಟೆ. ಹುಡುಗಿ, "ಮುಂದೆ, ಆಂಟಿ" ಎಂದು ಮೆಲ್ಲಗೆ ಹೇಳುವವರೆಗೆ ನಾನು ಏನು ಮಾಡುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ನಾನು ಕಾಯುತ್ತಿದ್ದೆ. ಆ ಹೆಸರು ಕೂಗಿದರೆ ಎಲ್ಲಿದ್ದರೂ "ಬಂದೆ" ಎಂಬ ಉತ್ತರ ಬರುತ್ತಿತ್ತಲ್ಲ, ಅದಕ್ಕೆ ಕಿವಿ ಕೊಟ್ಟಿದ್ದೆ.

ಆಗ ನನಗೆ ಅರ್ಥವಾಯಿತು. ಅವರು ಹೋದ ಮೇಲೂ ನಾನು ಬಾಯಿ ಕಟ್ಟಿಕೊಂಡಿದ್ದುದು ಶಾಸ್ತ್ರಕ್ಕಲ್ಲ, ನಾಚಿಕೆಗೂ ಅಲ್ಲ. ನಾನು ಕರೆಯದಿರುವಷ್ಟು ದಿನ ಅವರು ಉತ್ತರ ಕೊಡಲಿಲ್ಲ ಎಂದೂ ಆಗುವುದಿಲ್ಲ. ಬೀದಿಯವರಿಗೆ ಅವರು ಉತ್ತರ ಕೊಡದೆ ಹೋಗಿದ್ದರು. ನನಗೆ ಇನ್ನೂ ಹಾಗೆ ಮಾಡಿರಲಿಲ್ಲ.

ಅಂದು ಸಂಜೆಯೊಳಗೆ ನಲವತ್ತೊಂದು ಸಲ ಹೇಳಿದೆ. ಒಂದು ಸಲವೂ ಉತ್ತರ ಬರಲಿಲ್ಲ. ಕೊನೆಕೊನೆಗೆ ಅದು ಯಾವುದೋ ಮಗುವಿನ ಅಪ್ಪನ ಹೆಸರಷ್ಟೇ ಆಯಿತು. ಗುಮಾಸ್ತರು ಬಂದು ಪಟ್ಟಿ ನೋಡಿ, "ಹಾ, ಈಗ ಎಲ್ಲರಿಗೂ ಅಪ್ಪ ಸಿಕ್ಕಿದ" ಎಂದು ಸಹಿ ಹಾಕಿದರು. ಹುಡುಗಿಯ ಕೆಲಸ ಉಳಿಯಿತು. ಅವಳು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ಆಮೇಲೆ ಒಂದು ಮಧ್ಯಾಹ್ನ ಬಂದು ನನ್ನ ಡಬ್ಬಿಗೆ ಕೈ ಹಾಕಿದಳು. ಅವಳನ್ನು ಮೂರು ದಿನ ಹಾಗೆ ಕೂರಿಸಿದ್ದು ಮಾತ್ರ ನನ್ನ ಎದೆಯಿಂದ ಇನ್ನೂ ಇಳಿದಿಲ್ಲ.

ಆ ಸಂಜೆ ಬಸ್ಸು ಇಳಿದು ಮನೆಗೆ ನಡೆಯುವಾಗ ನನ್ನ ಬಾಯಿ ಮತ್ತೆ ಮುಚ್ಚಿಕೊಂಡಿತು. ಇವತ್ತಿನವರೆಗೂ ತೆರೆದಿಲ್ಲ. ಆ ಒಂದು ದಿನ ಬಾಯಿಯ ಬಾಗಿಲು ತೆರೆದುಕೊಂಡಿತ್ತು, ಹೊರಗೇನಿದೆ ಎಂದು ನೋಡಿದೆ, ಒಳಗೇ ಬಂದೆ. ನಾನು ಮುಚ್ಚಿಟ್ಟದ್ದನ್ನು ಅಳಿಸಿದರೆ ಹಿಂದೆ ಏನು ನಿಂತಿದೆ ಎಂದು ನನಗೆ ಗೊತ್ತಿದೆ. ಮತ್ತೆ ಅಳಿಸುವ ಧೈರ್ಯವಿಲ್ಲ.

ನಿಮ್ಮ ಎಲೆಯೊಳಗೆ ಬರೆದುಕೊಳ್ಳಲು ತಾತನ ಹೆಸರು ಬೇಕಾದರೆ ನಿಮ್ಮಮ್ಮನ ಮಾರ್ಕ್ಸ್ ಕಾರ್ಡಿನಲ್ಲಿದೆ, ಮನೆಯ ಪತ್ರದಲ್ಲಿದೆ, ಅಟ್ಟೂರಿನ ಹಳಬರನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಅಜ್ಜಿ ಯಾಕೆ ಹೇಳಲಿಲ್ಲ ಎಂಬುದು ಮಾತ್ರ ಈ ಹಾಳೆಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಮಂಚದ ಕೆಳಗೆ ಅವರ ನೀರಿನ ಕೀಲಿ ಗೋಣಿಯಲ್ಲಿ ಸುತ್ತಿಟ್ಟಿದೆಯಲ್ಲ, ಅದರ ಪಕ್ಕದ ಟ್ರಂಕಿನಲ್ಲಿ ಇವನ್ನಿಡುತ್ತೇನೆ. ಮನೆ ಬದಲಾಯಿಸುವಾಗ ಹಳೇ ಪೇಪರಿನ ಜೊತೆ ಹಾಕಿಬಿಡಬೇಡಿ. ಜೋಪಾನ ಮಾಡಿ.